ಸಡಿಲವಾದ ಪಿಯಾನೊ ಕೀ: ಹಳೆಯ ತೂತು ಮುಚ್ಚಿ ಹೊಸದು ಕೊರೆಯುವುದು ಹೇಗೆ?

ಪಿಯಾನೊದ ಒಂದು ಕೀ ಒತ್ತಿದಾಗ ಸ್ವರದ ಜೊತೆಗೆ 'ಟಕ್' ಎಂಬ ಸದ್ದೂ ಬರುತ್ತಿದೆಯೇ? ಬೆರಳಲ್ಲಿ ಹಿಡಿದು ಎಳೆದರೆ ಕೀ ಹಿಂದೆ ಮುಂದೆ ಅಲುಗುತ್ತಿದೆಯೇ? ಹಾಗಿದ್ದರೆ ಅದರ ನಡುವಿನ ತೂತು ಸವೆದಿರುವ ಸಾಧ್ಯತೆ ಜಾಸ್ತಿ.

ನಮಗೆ ಕಾಣುವ ಬಿಳಿ, ಕಪ್ಪು ಭಾಗ ಕೀಯ ತುದಿ ಮಾತ್ರ. ಅದರ ಹಿಂದೆ ಉದ್ದನೆಯ ಮರದ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಅದು ಸ್ಪ್ರೂಸ್ ಅಥವಾ ಪೈನ್‌ನಂಥ ಹಗುರ ಮರ. ಈ ಪಟ್ಟಿ ನಡುವಿನ ಬ್ಯಾಲೆನ್ಸ್ ಪಿನ್ (ನೆಟ್ಟಗೆ ನಿಂತ ಲೋಹದ ಸಣ್ಣ ಕಡ್ಡಿ) ಮೇಲೆ ಕೂತು ಏತದ ಹಾಗೆ ಏರಿಳಿಯುತ್ತದೆ. ಪಿನ್ನನ್ನು ಬಿಗಿಯಾಗಿ ಹಿಡಿಯುವುದು ತೂತಿನ ಅಡಿಭಾಗದ ಕೆಲವೇ ಮಿಲಿಮೀಟರ್. ಅದರ ಮೇಲೆ ತೂತು ಉದ್ದಕ್ಕೆ ಅಗಲವಾಗುತ್ತದೆ, ಇಲ್ಲದಿದ್ದರೆ ಕೀ ಆಡುವುದೇ ಇಲ್ಲ. ರಿಪೇರಿ ಮಾಡುವಾಗ ಇದನ್ನು ಮರೆಯಬೇಡಿ. ತೂತನ್ನು ಪೂರ್ತಿ ತುಂಬುವ ಕೆಲಸ ಇದಲ್ಲ.

ಮೊದಲು ಪರೀಕ್ಷೆ

ಕೀ ಪಕ್ಕಕ್ಕೆ ಮಾತ್ರ ಅಲುಗಿದರೆ ಸವೆದಿರುವುದು ಪಿನ್ನಿನ ಎರಡೂ ಪಕ್ಕಕ್ಕೆ ತಾಗುವ ಫೆಲ್ಟ್ ಬಟ್ಟೆ, ಮರವಲ್ಲ. ಹಿಂದೆ ಮುಂದೆ ಅಲುಗಿದರೆ ಅಡಿಯ ತೂತು ನೋಡಿ. ಸ್ವಲ್ಪವೇ ಸಡಿಲವಿದ್ದರೆ ತೂತಿನ ಒಳಗೋಡೆಗೆ ತೆಳುವಾದ ಅಂಟು ಸವರಿ ಒಣಗಿಸಿದರೆ ಸಾಕಾಗಬಹುದು. ತೂತು ಮೊಟ್ಟೆಯಾಕಾರವಾಗಿದ್ದರೆ ಅಥವಾ ಮರ ಸೀಳಿದ್ದರೆ ಬೆಣೆ, ಅಂದರೆ ತೂತು ಮುಚ್ಚುವ ದುಂಡನೆಯ ಮರದ ಬಿರಡೆ, ಹಾಕಲೇಬೇಕು.

ಗುರುತು

ಇಡೀ ಕೆಲಸ ನಿಂತಿರುವುದು ಇದರ ಮೇಲೆ. ತೂತು ಮುಚ್ಚುವುದು ಸುಲಭ, ಮುಚ್ಚಿದ ಮೇಲೆ ಅದರ ನಡುಬಿಂದು ಹುಡುಕುವುದು ಕಷ್ಟ. ಸವೆದ ತೂತಿನ ನಡುವನ್ನು ನಂಬಬೇಡಿ, ಅದು ಈಗಾಗಲೇ ಸರಿದಿರುತ್ತದೆ. ಅಕ್ಕಪಕ್ಕದ ಎರಡು ಒಳ್ಳೆಯ ಕೀ ತೆಗೆದು, ಮುಂತುದಿಯಿಂದ ತೂತಿನ ನಡುವಿಗೆ ಎಷ್ಟು ದೂರ ಅಂತ ಅಳೆಯಿರಿ. ಬಿಳಿ ಕೀಗೆ ಬಿಳಿ ಕೀಯನ್ನೇ ನೋಡಿ. ಕಪ್ಪು ಕೀಗಳ ಪಿನ್ ಸಾಲು ಇನ್ನೂ ಹಿಂದಕ್ಕಿರುತ್ತದೆ, ಆ ಅಳತೆ ಇದಕ್ಕೆ ಹೊಂದುವುದಿಲ್ಲ.

ಮೂಲೆಮಟ್ಟ ಇಟ್ಟು ಚೂಪಾದ ಚಾಕುವಿನಿಂದ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಿರಿ. ಗೆರೆಗಳು ಬೆಣೆ ಬರುವ ಜಾಗದಿಂದ ಆಚೆಗೂ ಚಾಚಿರಲಿ. ಬೆಣೆ ಕೂತ ಮೇಲೆ ಅವನ್ನೇ ಸೇರಿಸಿದರೆ ನಡುಬಿಂದು ಮತ್ತೆ ಸಿಗುತ್ತದೆ.

ಬೆಣೆ

ಮರದ ಪುಡಿಗೆ ಅಂಟು ಕಲಸಿ ತುಂಬುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದಕ್ಕೆ ನಾರಿಲ್ಲ, ದಿನವೂ ಬೀಳುವ ಒತ್ತಡಕ್ಕೆ ಉದುರುತ್ತದೆ. ಮೇಪಲ್ ಅಥವಾ ಬೀಚ್ ಮರದ ಹಲಗೆಯಿಂದ ಪ್ಲಗ್ ಕಟರ್‌ನಲ್ಲಿ (ಬಿರಡೆ ಕತ್ತರಿಸುವ ಡ್ರಿಲ್ ಬಿಟ್) ಬೆಣೆ ಕತ್ತರಿಸಿಕೊಳ್ಳಿ. ಬೆಣೆಯ ನಾರು ಕೀಯ ನಾರಿನ ದಿಕ್ಕಿನಲ್ಲೇ ಇರಬೇಕು. ಹವೆಯ ತೇವ ಏರಿಳಿದಾಗ ಎರಡೂ ಒಟ್ಟಿಗೆ ಹಿಗ್ಗಿ ಕುಗ್ಗುತ್ತವೆ.

ಕೀಯನ್ನು ತಲೆಕೆಳಗಾಗಿ ಡ್ರಿಲ್ ಸ್ಟ್ಯಾಂಡ್‌ಗೆ ಬಿಗಿದು, ಫಾರ್ಸ್ಟ್‌ನರ್ ಬಿಟ್‌ನಿಂದ ಆಳವಿಲ್ಲದ ಕುಳಿ ತೆಗೆಯಿರಿ. ಈ ಬಿಟ್ ಅಂಚಿನಿಂದ ಕೊರೆಯುವುದರಿಂದ ಹಳೆಯ ತೂತಿನ ಕಡೆಗೆ ಜಾರುವುದಿಲ್ಲ. 8 ಮಿ.ಮೀ. ಅಗಲ ಬಹುತೇಕ ಸಾಕು. ಅಷ್ಟರಲ್ಲಿ ಪಕ್ಕದ ಗೋಡೆಗಳೂ ತೆಳ್ಳಗಾಗುವುದಿಲ್ಲ. ಅಂಟು ಕಡಿಮೆ ಹಚ್ಚಿ, ಬೆಣೆ ಕೂರಿಸಿ, ರಾತ್ರಿಯಿಡೀ ಒಣಗಲು ಬಿಡಿ. ಉಬ್ಬಿದ ಭಾಗವನ್ನು ಹರಿತವಾದ ಉಳಿಯಿಂದ ಸಮ ಮಾಡಿ. ಸ್ಯಾಂಡ್ ಪೇಪರ್ ಜಾಸ್ತಿ ಉಜ್ಜಿದರೆ ಅಂಚು ದುಂಡಗಾಗುತ್ತದೆ.

ಹೊಸ ತೂತು

ಪಿನ್ನಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕ ಬಿಟ್ ಆರಿಸಿ, ಬೆಣೆಯ ಮರದ್ದೇ ಬೇರೆ ತುಂಡಿನಲ್ಲಿ ಮೊದಲು ಕೊರೆದು ಪಿನ್ ಹೇಗೆ ಕೂರುತ್ತದೆ ನೋಡಿ. ಆಮೇಲೆ ಕೀಯಲ್ಲಿ ನೇರವಾಗಿ, ನಿಧಾನವಾಗಿ, ಮೇಲಿನ ಅಗಲ ಭಾಗ ಮುಟ್ಟುವವರೆಗೆ ಕೊರೆಯಿರಿ. ತೂತು ವಾಲಿದರೆ ಕೀಯೂ ವಾಲಿ ಪಕ್ಕದ್ದಕ್ಕೆ ತಾಗುತ್ತದೆ.

ಈಗ ಕೀಯನ್ನು ಪಿನ್ ಮೇಲೆ ಇಟ್ಟು, ಸ್ವಲ್ಪ ಎತ್ತಿ ಬಿಡಿ. ತನ್ನ ಭಾರಕ್ಕೇ ಮೆಲ್ಲಗೆ ಕೆಳಗೆ ಜಾರಿದರೆ ಸರಿಯಾಗಿದೆ. ಸಿಕ್ಕಿಕೊಂಡರೆ ಪಿನ್ನಿನಷ್ಟೇ ದಪ್ಪದ ನುಣುಪಾದ ಸರಳನ್ನು ಒಳಗೆ ತಿರುಗಿಸಿ ಮರವನ್ನು ಒತ್ತಿ. ಅರ ಹಾಕಬೇಡಿ, ಒಮ್ಮೆ ಹೋದ ಮರ ವಾಪಸ್ ಬರುವುದಿಲ್ಲ.

ಸೀಸದ ತೂತುಗಳು

ಕೀಯ ಪಕ್ಕದಲ್ಲಿ ತೂಕಕ್ಕಾಗಿ ಸೀಸದ ಬಿಲ್ಲೆಗಳಿರುತ್ತವೆ. ಹಳೆಯ ಸೀಸ ಬಿಳಿಪುಡಿಯಾಗಿ ಉಬ್ಬಿ ಮರವನ್ನೇ ಸೀಳುವುದುಂಟು. ಆ ಪುಡಿ ವಿಷ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ, ಒಣಗಿದ್ದನ್ನು ಉಜ್ಜಲೇಬೇಡಿ. ತೂತು ಮುಚ್ಚುವ ಬಗೆ ಮೇಲಿನಂತೆಯೇ, ನಾರಿನ ದಿಕ್ಕು ಇಲ್ಲೂ ಹೊಂದಬೇಕು. ಹೊಸ ಸೀಸವನ್ನು ಮೊದಲು ಕೀಯ ಮೇಲೆ ಸುಮ್ನೆ ಇಟ್ಟು, ಪಕ್ಕದ ಕೀಯಷ್ಟೇ ಭಾರಕ್ಕೆ ಇಳಿಯುತ್ತದೆಯೇ ನೋಡಿ. ಮುಂತುದಿಯ ಮೇಲೆ ಸುಮಾರು 50 ಗ್ರಾಂ ಇಟ್ಟರೆ ಇಳಿಯುವುದು ಸಾಮಾನ್ಯ. ಬಿಲ್ಲೆಯನ್ನು ಹಿಂದೆ ಮುಂದೆ ಸರಿಸಿ ಜಾಗ ಗೊತ್ತಾದ ಮೇಲಷ್ಟೇ ಅಲ್ಲಿ ಕೊರೆಯಿರಿ.