ಬುಲೆಟ್ ಟಕಟಕ ಅಂದ್ರೆ ಮೊದಲು ಲಿಫ್ಟರ್ ಯಾವುದು ನೋಡಿ

ಲಿಫ್ಟರ್ ಅಥವಾ ಟ್ಯಾಪೆಟ್ ಅಂದ್ರೆ, ಉಬ್ಬು ಇರುವ ತಿರುಗುವ ದಂಡದ (ಕ್ಯಾಮ್) ಮೇಲೆ ಕೂತು, ಇಂಜಿನ್ ವಾಲ್ವ್ ತೆರೆಯಲು ಎದ್ದು ಇಳಿಯುವ ತುಂಡು. ಅದರ ಶಬ್ದ ಬಂತು ಅಂತ ಸ್ಪಾನರ್ ಹಿಡಿಯುವ ಮೊದಲು, ನಿಮ್ಮ ಇಂಜಿನ್‌ನಲ್ಲಿ ಇರುವುದು ಸಾಲಿಡ್ ಲಿಫ್ಟರಾ ಹೈಡ್ರಾಲಿಕ್ಕಾ ಅಂತ ತಿಳ್ಕೊಳ್ಳಿ. ಬದಿಯಡ್ಕ, ಕುಂಬಳೆ ಕಡೆ ಎರಡೂ ಥರದ ಬುಲೆಟ್ ಓಡುತ್ತವೆ. ಹಳೆ ಕಾಸ್ಟ್ ಐರನ್ ಇಂಜಿನ್ ಸಾಲಿಡ್. 2009ರಲ್ಲಿ ಬಂದ ಕ್ಲಾಸಿಕ್‌ನ ಯುಸಿಇ ಇಂಜಿನ್ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿ ಇರುವಂಥದ್ದು) ಹೈಡ್ರಾಲಿಕ್.

ಸಾಲಿಡ್ ಅಂದ್ರೆ ಬರೀ ಕಬ್ಬಿಣದ ತುಂಡು. ಕ್ಯಾಮ್ ಎತ್ತಿದಷ್ಟು ಎದ್ದು ಪುಶ್‌ರಾಡನ್ನು, ಅಂದ್ರೆ ವಾಲ್ವ್ ಕಡೆ ಹೋಗುವ ಉದ್ದ ಕಡ್ಡಿಯನ್ನು, ತಳ್ಳುತ್ತದೆ, ಅಷ್ಟೇ. ಇವುಗಳ ನಡುವಿನ ಸಣ್ಣ ಗ್ಯಾಪ್ ನಾವೇ ಇಡಬೇಕು. ಲೂಸ್ ಆದರೆ ಟಕಟಕ ಅನ್ನುತ್ತದೆ, ಟೈಟ್ ಆದರೆ ಶಬ್ದವೇ ಇಲ್ಲ, ಅಪಾಯ ಇರುವುದೂ ಅಲ್ಲೇ: ವಾಲ್ವ್ ಪೂರ್ತಿ ಮುಚ್ಚದೆ ಬಿಸಿ ಗ್ಯಾಸ್ ಸೋರಿ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ. "ಒಂದು ಶಬ್ದ ಇಲ್ಲ ನೋಡಿ" ಅಂತ ಯಾರಾದರೂ ಹೊಗಳಿದರೆ ನನಗಂತೂ ಸಂಶಯವೇ ಜಾಸ್ತಿ.

ಹಳೆ ಬುಲೆಟ್ಟಿಗೆ ಗ್ಯಾಪ್ ಇಡಲು ರಾತ್ರಿಯಿಡೀ ತಣ್ಣಗಾದ ಇಂಜಿನ್ ಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿನಲ್ಲಿ ಹಿಂದಿನ ಚಕ್ರ ತಿರುಗಿಸಿ. ಬಲಗಡೆ ಟ್ಯಾಪೆಟ್ ಮುಚ್ಚಳ ತೆಗೆದರೆ ಎರಡು ಪುಶ್‌ರಾಡ್ ಕಾಣುತ್ತವೆ. ಇನ್‌ಲೆಟ್ ವಾಲ್ವಿನ ಪುಶ್‌ರಾಡ್ ಎದ್ದು ಇಳಿದ ಮೇಲೆ ಪಿಸ್ಟನ್ ಪೂರ್ತಿ ಮೇಲೆ ಬರಲಿ, ಆಗ ಎರಡು ವಾಲ್ವೂ ಮುಚ್ಚಿರುತ್ತವೆ. ಈಗ ಪುಶ್‌ರಾಡ್ ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಹಾಗೆ ಬರುವವರೆಗೆ ಅಡ್ಜಸ್ಟರ್ ತಿರುಗಿಸಿ. ಅದರ ಲಾಕ್‌ನಟ್ ಬಿಗಿ ಮಾಡಿದ ಮೇಲೆ ಪುಶ್‌ರಾಡನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಬಿಗಿ ಮಾಡುವಾಗಲೇ ಅಡ್ಜಸ್ಟರ್ ಜರುಗಿರಬಹುದು.

ಹೈಡ್ರಾಲಿಕ್‌ನಲ್ಲಿ ಇದೆಲ್ಲ ಇಲ್ಲ. ಲಿಫ್ಟರ್ ಒಳಗೆ ಪ್ಲಂಜರ್, ಸ್ಪ್ರಿಂಗ್, ಆಯಿಲ್ ವಾಪಸ್ ಹೋಗದಂತೆ ತಡೆಯುವ ಒಂದು ಚೆಕ್ ವಾಲ್ವ್ ಇರುತ್ತವೆ. ಇಂಜಿನ್ ಆಯಿಲ್ ಒಳಗೆ ತುಂಬಿ ಗ್ಯಾಪನ್ನು ತಾನೇ ಮುಚ್ಚುತ್ತದೆ. ನಮ್ಮ ಜೂನ್, ಜುಲೈ ಮಳೆಯಲ್ಲಿ ಗಾಡಿ ವಾರಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ ಅಲ್ವಾ, ಆಗ ಲಿಫ್ಟರಿನ ಆಯಿಲ್ ಇಳಿದುಹೋಗಿ ಸ್ಟಾರ್ಟ್ ಮಾಡಿದ ಕೂಡಲೇ ಸ್ವಲ್ಪ ಹೊತ್ತು ಟಕಟಕ ಬರಬಹುದು. ಸುಮ್ನೆ ಐಡ್ಲಿಂಗಿನಲ್ಲಿ ಬಿಡಿ, ರೇಸ್ ಕೊಡಬೇಡಿ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಗಾಡಿ ಆಫ್ ಮಾಡಿ ಆಯಿಲ್ ಮಟ್ಟ ನೋಡಿ, ಗ್ರೇಡ್ (ಆಯಿಲ್ ಎಷ್ಟು ದಪ್ಪ ಅನ್ನುವ ಅಂಕಿ) ನೋಡಿ. ಯುಸಿಇಗೆ ಕಂಪನಿ ಹೇಳುವುದು 15ಡಬ್ಲ್ಯೂ50. ಅದೆಲ್ಲ ಸರಿ ಇದ್ದೂ ಶಬ್ದ ಇದ್ದರೆ ಲಿಫ್ಟರಿನಲ್ಲಿ ಕಸ ಸಿಕ್ಕಿರಬಹುದು, ಸವೆದಿರಬಹುದು, ಆಯಿಲ್ ಪಂಪೇ ಸೋತಿರಬಹುದು. ಮೆಕ್ಯಾನಿಕ್ಕಿಗೆ ಬಿಡಿ.

ಇನ್ನು ಕ್ಯಾಮ್ ಬದಲಿಸುವ ಹುಚ್ಚು ಇರುವವರಿಗೆ. ಸಾಲಿಡ್, ಹೈಡ್ರಾಲಿಕ್ ಎರಡರ ಕ್ಯಾಮಿನ ಲೋಬ್ (ಉಬ್ಬು) ಒಂದೇ ಥರ ಕಂಡರೂ ಒಂದೇ ಅಲ್ಲ. ಸಾಲಿಡ್ ಕ್ಯಾಮಿನಲ್ಲಿ ಲೋಬ್ ಶುರುವಾಗುವಲ್ಲಿ ಉದ್ದನೆಯ, ನಿಧಾನದ ಏರು ಇರುತ್ತದೆ. ಪೆಟ್ಟು ಬೀಳದ ಹಾಗೆ ಗ್ಯಾಪ್ ಮುಗಿಯಲಿ ಅಂತ. ಅದರ ಮೇಲೆ ಹೈಡ್ರಾಲಿಕ್ ಲಿಫ್ಟರ್ ಕೂರಿಸಿದರೆ ಮುಗಿಸಲು ಗ್ಯಾಪೇ ಇಲ್ಲ, ಆ ಏರಿನಲ್ಲೇ ವಾಲ್ವ್ ತೆರೆಯಲು ಶುರುವಾಗಿ ತಡವಾಗಿ ಮುಚ್ಚುತ್ತದೆ, ಐಡ್ಲಿಂಗ್ ಕೆಡುತ್ತದೆ, ಕಿಕ್ಕರಿನಲ್ಲಿ ಕಂಪ್ರೆಷನ್ ಕಡಿಮೆ ಅನಿಸುತ್ತದೆ. ತಿರುಗಾಮುರುಗಾ ಮಾಡಿ ಹೈಡ್ರಾಲಿಕ್ ಕ್ಯಾಮಿಗೆ ಸಾಲಿಡ್ ಲಿಫ್ಟರ್ ಹಾಕಿ ಗ್ಯಾಪ್ ಇಟ್ಟರೆ, ಗಿಡ್ಡ ಏರಿನಲ್ಲಿ ಪ್ರತಿ ಸುತ್ತಿಗೂ ಪೆಟ್ಟು ಬಿದ್ದು ಲೋಬ್ ಸವೆಯುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕ್ಯಾಮ್ ಚೀಪಾಗಿ ಸಿಕ್ಕಿತು ಅಂತ ತರಬೇಡಿ. ತರುವುದಾದರೆ ಕ್ಯಾಮಿಗೆ ಹೊಂದುವ ಲಿಫ್ಟರನ್ನೂ ಸೇರಿಸಿಯೇ ತನ್ನಿ.

2021ರ ನಂತರದ ಹೊಸ ಕ್ಲಾಸಿಕ್‌ನವರಿಗೆ ಮೇಲಿನದ್ದು ಬೇಡ. ಅದರಲ್ಲಿ ಕ್ಯಾಮ್ ಹೆಡ್ಡಿನಲ್ಲೇ ಇದೆ, ಪುಶ್‌ರಾಡ್ ಇಲ್ಲ. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ತಗೊಂಡು ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಗ್ಯಾಪ್ ಇಟ್ಟರೆ ಆಯ್ತು.