ಟೆಕ್ಸಸ್‌ನಲ್ಲಿ ನರ್ಸ್ ಪ್ರಾಕ್ಟೀಷನರ್ ಪರವಾನಗಿ: ನನ್ನ ಅನುಭವ

ಬೆಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಮೆರಿಕದಲ್ಲಿ ನರ್ಸ್ ಪರವಾನಗಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ಟೆಕ್ಸಸ್‌ಗೆ ಬಂದ ನಾನು, ಆರು ವರ್ಷ ಹೃದ್ರೋಗ ವಾರ್ಡಿನಲ್ಲಿ ದುಡಿದ ಮೇಲೆ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆಗಲು ನಿರ್ಧರಿಸಿದೆ. ರೋಗಿಯನ್ನು ಪರೀಕ್ಷಿಸಿ, ಕಾಯಿಲೆ ಯಾವುದೆಂದು ನಿರ್ಣಯಿಸಿ, ಔಷಧ ಬರೆಯುವ ನರ್ಸ್ ಎಂದು ಫೋನಿನಲ್ಲಿ ವಿವರಿಸಿದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಇನ್ಮೇಲೆ ಔಷಧಿ ಚೀಟಿ ನೀನೇ ಬರೀತೀಯೇನೆ?"

ಮೊದಲ ತೊಡಕು ಓದಿನದ್ದಲ್ಲ, ಕಾಗದಪತ್ರದ್ದು. ಊರಿನ ಕಾಲೇಜು ಕಳುಹಿಸಿದ ಅಂಕಪಟ್ಟಿಯಲ್ಲಿ ಪಾಠದ ಗಂಟೆಗಳನ್ನೂ ವಾರ್ಡಿನ ಗಂಟೆಗಳನ್ನೂ ಒಟ್ಟುಗೂಡಿಸಿ ಬರೆದಿದ್ದರಿಂದ, ಅದನ್ನು ತಿದ್ದಿಸುವಷ್ಟರಲ್ಲಿ ನಾಲ್ಕು ತಿಂಗಳು ಕಳೆದುಹೋದವು. ಊರು ಬಿಡುವ ಮೊದಲೇ ಪ್ರತಿ ವಿಷಯದ ಗಂಟೆಗಳನ್ನು ಬೇರೆಬೇರೆಯಾಗಿ ಬರೆಸಿ, ಮೊಹರು ಹಾಕಿಸಿಕೊಂಡು ಬನ್ನಿ ಎಂದು ಈಗ ಹೊರಡುವ ಹುಡುಗಿಯರಿಗೆಲ್ಲ ಹೇಳುತ್ತೇನೆ.

ಸ್ನಾತಕೋತ್ತರ ಓದಿನ ಬುನಾದಿ ಪ್ಯಾಥೋಫಿಸಿಯಾಲಜಿ (ಕಾಯಿಲೆಯಲ್ಲಿ ದೇಹ ಹೇಗೆ ಬದಲಾಗುತ್ತದೆ ಎಂಬುದು), ಫಾರ್ಮಕಾಲಜಿ (ಔಷಧಶಾಸ್ತ್ರ) ಮತ್ತು ದೇಹಪರೀಕ್ಷೆ ಎಂಬ ಮೂರು ವಿಷಯಗಳು. ವಾರಾಂತ್ಯದಲ್ಲಿ 12 ಗಂಟೆಯ ರಾತ್ರಿ ಪಾಳಿ ಮಾಡುತ್ತ ಅವನ್ನು ಓದಿದೆ. ಅದಕ್ಕಿಂತ ಕಷ್ಟವಾದದ್ದು ಕ್ಲಿನಿಕ್ಕಿನ 750 ಗಂಟೆಗಳ ತರಬೇತಿಗೆ ಮಾರ್ಗದರ್ಶಕರನ್ನು ನಾನೇ ಹುಡುಕಬೇಕಾಗಿದ್ದದ್ದು. ಹತ್ತಾರು ಕ್ಲಿನಿಕ್ಕುಗಳ ಬಾಗಿಲು ತಟ್ಟಿದ ಮೇಲೆ ಹಿರಿಯ ಪ್ರಾಕ್ಟೀಷನರ್ ಒಬ್ಬರು ಒಪ್ಪಿಕೊಂಡರು.

ಅವರ ಬಳಿ ಕಲಿತದ್ದನ್ನು ಯಾವ ಪುಸ್ತಕವೂ ಕಲಿಸಿರಲಿಲ್ಲ. ಮೂರು ವಾರದಿಂದ ಒಣಕೆಮ್ಮು ಎಂದು ಲಾರಿ ಚಾಲಕರೊಬ್ಬರು ಬಂದಿದ್ದರು. ಶ್ವಾಸಕೋಶದ ಸದ್ದು ಸ್ವಚ್ಛವಾಗಿತ್ತು, ಜ್ವರವಿರಲಿಲ್ಲ. ನಾನು ಎಕ್ಸ್‌ರೇ ಎಂದೆ. "ಅವರ ಮಾತ್ರೆ ಡಬ್ಬಿಗಳನ್ನು ನೋಡಿದಿರಾ?" ಎಂದು ನನ್ನ ಮಾರ್ಗದರ್ಶಕರು ಕೇಳಿದರು. ರಕ್ತದೊತ್ತಡಕ್ಕೆಂದು ತಿಂಗಳ ಹಿಂದಷ್ಟೇ ಆರಂಭಿಸಿದ್ದ ಲಿಸಿನೊಪ್ರಿಲ್ ಅಲ್ಲಿತ್ತು. ಆ ಬಗೆಯ ಔಷಧದಿಂದ ಕೆಲವರಿಗೆ ಇಂಥದೇ ಕೆಮ್ಮು ಬರುತ್ತದೆ. ರಕ್ತದೊತ್ತಡದ ಬೇರೆ ಬಗೆಯ ಮಾತ್ರೆಯಾದ ಲೊಸಾರ್ಟಾನ್‌ಗೆ ಬದಲಾಯಿಸಿದ ಕೆಲವು ವಾರಗಳಲ್ಲಿ ಕೆಮ್ಮು ನಿಂತಿತು. ಆರು ವರ್ಷ ಅದೇ ಮಾತ್ರೆಯನ್ನು ದಿನಾಲೂ ಹಂಚಿದ್ದೆನಾದರೂ, ವೈದ್ಯರು ಬರೆದದ್ದನ್ನು ಸರಿಯಾಗಿ ಕೊಡುವುದು ಬೇರೆ, ಇದನ್ನು ಏಕೆ ಬರೆಯಬೇಕು ಎಂದು ತಾನೇ ಯೋಚಿಸುವುದು ಬೇರೆ ಎಂಬುದು ಅಂದು ಮನಸ್ಸಿಗೆ ನಾಟಿತು.

ಪ್ರಮಾಣೀಕರಣ ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಅಮೆರಿಕದ ನರ್ಸ್ ಪ್ರಾಕ್ಟೀಷನರ್‌ಗಳ ಸಂಘವಾದ ಎಎಎನ್‌ಪಿಯ ಮಂಡಳಿಯದನ್ನು: ಮೂರು ಗಂಟೆ, 150 ಪ್ರಶ್ನೆ, ಅವುಗಳಲ್ಲಿ 135ಕ್ಕೆ ಮಾತ್ರ ಅಂಕ. ಪಾಸಾದ ಬಳಿಕ ಟೆಕ್ಸಸ್ ನರ್ಸಿಂಗ್ ಮಂಡಳಿಗೆ ಅರ್ಜಿ ಹಾಕಿದೆ. ಪರವಾನಗಿ ಬಂದರೂ ಈ ರಾಜ್ಯದಲ್ಲಿ ವೈದ್ಯರೊಬ್ಬರೊಂದಿಗೆ ಲಿಖಿತ ಒಪ್ಪಂದವಿಲ್ಲದೆ ಔಷಧ ಬರೆಯುವಂತಿಲ್ಲ, ಹೈಡ್ರೊಕೋಡೋನ್‌ನಂಥ ನೋವುನಿವಾರಕಗಳನ್ನು ಕ್ಲಿನಿಕ್ಕಿನಿಂದ ಬರೆಯುವಂತೆಯೇ ಇಲ್ಲ. ನೆರೆಯ ನ್ಯೂ ಮೆಕ್ಸಿಕೋದಲ್ಲಿ ಇಂಥ ಒಪ್ಪಂದ ಬೇಕಿಲ್ಲ. 1965ರಲ್ಲಿ ಕೊಲೊರಾಡೊದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟೀಷನರ್ ತರಬೇತಿಯನ್ನು ಆರಂಭಿಸಿದಾಗ ಅವರ ಗಮನವಿದ್ದದ್ದು ಆರೈಕೆ ಸಿಗದ ಮಕ್ಕಳ ಮೇಲೆ. ಒಪ್ಪಂದಕ್ಕೆ ವೈದ್ಯರು ಸಿಗದೆ ಹಳ್ಳಿಯ ಕ್ಲಿನಿಕ್ ಖಾಲಿ ಉಳಿಯುವುದಾದರೆ ಆ ಉದ್ದೇಶಕ್ಕೇ ಅನ್ಯಾಯವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನನ್ನ ಹೆಸರಿನಲ್ಲಿ ಹೋದ ಮೊದಲ ಚೀಟಿ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ 500 ಮಿಲಿಗ್ರಾಂ, ರಾತ್ರಿ ಊಟದೊಂದಿಗೆ. ಸಹಿ ಹಾಕುವ ಮುನ್ನ ಆ ರೋಗಿಯ ಮೂತ್ರಪಿಂಡದ ಪರೀಕ್ಷೆಯ ಅಂಕಿಯನ್ನು ಮೂರು ಬಾರಿ ನೋಡಿದೆ. ಆ ಸಂಜೆ ಅಮ್ಮನಿಗೆ ಫೋನ್ ಮಾಡಿ, ಹೌದು, ಚೀಟಿ ನಾನೇ ಬರೆದೆ ಎಂದು ಹೇಳಿದೆ.