ಡೈರಿ ಕಟ್ಟೆ, ಉಪ್ಪಿನ ಪ್ಯಾಕೆಟ್ ಮತ್ತು ನಮ್ಮೂರಿನ ಬಿಪಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನ ಒಂದು ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನವರಿಗೆ ನಾನು ಸಿಸ್ಟರ್, ಅಷ್ಟೇ. 30 ವರ್ಷ ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕು, ಬಾಯಿ ಪರೀಕ್ಷೆ ಮಾಡಬೇಕು, ಹೆಂಗಸರಿಗೆ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಆಗುವಂತೆ ನೋಡಿಕೊಳ್ಳಬೇಕು. ಬಯಲುಸೀಮೆಯಲ್ಲಿ 5000 ಜನರಿಗೆ ಒಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು. ಕೇಳಲು ಸುಲಭ ಅನ್ನಿಸುತ್ತದೆ. ಆದರೆ ಇಲ್ಲಿ ತೋಟಕ್ಕೊಂದು ಮನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಗದ್ದೆ ಅಂಚು, ಸಂಕ (ಹಳ್ಳದ ಕಾಲುಸೇತುವೆ), ಏರು ಎಲ್ಲ ದಾಟಬೇಕು.

ಬಿಪಿ ಜಾಸ್ತಿ ಇದ್ದರೆ ನೋವಿಲ್ಲ. ಶುಗರ್ ಶುರುವಾದರೂ ನೋವಿಲ್ಲ. ನೋವಿಲ್ಲದ ಕಾಯಿಲೆ ತೋರಿಸಲು ಯಾರೂ ತೋಟದ ಕೆಲಸ ಬಿಟ್ಟು ಬರುವುದಿಲ್ಲ. ಹಾಗಾಗಿ ಜನ ದಿನಾ ಸೇರುವ ಜಾಗ ಯಾವುದು ಅಂತ ನಮ್ಮೂರ ಆಶಾ ಕಾರ್ಯಕರ್ತೆ, ಅಂದರೆ ಆಶಾ ಅಕ್ಕನ ಜೊತೆ ಕೂತು ಯೋಚಿಸಿದೆ. ಅವರು ಒಂದೇ ಮಾತಿನಲ್ಲಿ ಹೇಳಿದರು: "ಡೈರಿ. ಬೇರೆ ಎಲ್ಲಿಗೆ ಬರ್ತಾರೆ ಇವ್ರು?"

ಹಾಲಿನ ಡೈರಿಗೆ ಬೆಳಿಗ್ಗೆ ಗಂಡಸರೂ ಬರುತ್ತಾರೆ, ಹೆಂಗಸರೂ ಬರುತ್ತಾರೆ. ಇನ್ನೊಂದು ದೊಡ್ಡ ಅನುಕೂಲ, ಆ ಹೊತ್ತಿಗೆ ಯಾರೂ ತಿಂಡಿ ತಿಂದಿರುವುದಿಲ್ಲ. ಖಾಲಿ ಹೊಟ್ಟೆಯ ಶುಗರ್ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕಾಫಿಯದ್ದು ಮಾತ್ರ ಕಷ್ಟ. ಮಲೆನಾಡಿನಲ್ಲಿ ಕಾಫಿ ಕುಡಿಯದೆ ಯಾರು ಕೊಟ್ಟಿಗೆಗೆ ಹೋಗುತ್ತಾರೆ? ಡೈರಿ ಸೆಕ್ರೆಟರಿ ಹಾಲಿನ ರೇಟು ಬರೆಯುವ ಬೋರ್ಡಿನ ಮೇಲೆ ಹಿಂದಿನ ದಿನವೇ ಬರೆದಿಟ್ಟರು, "ನಾಳೆ ಶುಗರ್ ಪರೀಕ್ಷೆ. ಕಾಫಿ, ಟೀ, ಕವಳ ಹಾಕದೆ ಬನ್ನಿ." ಕವಳ ಅಂದರೆ ಎಲೆ ಅಡಿಕೆ. ಹಾಲು ಅಳೆಯುವಾಗ ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿದರು. ನಾನು ಹೇಳಿದ್ದರೆ ಅಷ್ಟು ಜನ ಕಾಫಿ ಬಿಟ್ಟು ಬರುತ್ತಿರಲಿಲ್ಲ. ಅವರ ಮಾತಿಗೆ ಊರಿನಲ್ಲಿ ಬೆಲೆ ಇದೆ.

ಬಿಪಿ ನೋಡುವಾಗ ಒಂದು ಶಿಸ್ತು ಬೇಕು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕ್ಯಾನು ಹಿಡಿದು ಏರು ಹತ್ತಿ ಬಂದವರ ಕೈಗೆ ತಕ್ಷಣ ಪಟ್ಟಿ ಸುತ್ತಿದರೆ ಜಾಸ್ತಿಯೇ ತೋರಿಸುತ್ತದೆ. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ತಾಗಬೇಕು, ಕೈ ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು. ಮಾತಾಡಬಾರದು. ಅರ್ಧ ಗಂಟೆ ಮೊದಲು ಕಾಫಿ, ಬೀಡಿ, ಕವಳ ಹಾಕಿರಬಾರದು. ನಾವು ಡೈರಿ ಜಗಲಿಯಲ್ಲಿ ಗೋಡೆಗೆ ಒರಗುವಂತೆ ಬೆಂಚು ಹಾಕಿಸಿದೆವು. 140/90 ಅಥವಾ ಅದಕ್ಕಿಂತ ಜಾಸ್ತಿ ಬಂದವರನ್ನು ಇನ್ನೊಂದು ದಿನ ಮತ್ತೆ ಕರೆಸಿ ನೋಡಿದೆವು. ಆಗಲೂ ಜಾಸ್ತಿ ಇದ್ದರೆ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ ಹತ್ತಿರ ಕಳಿಸಿದೆವು. ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದವರಿಗೂ ಹೀಗೆಯೇ, ಲ್ಯಾಬಿನಲ್ಲಿ ಮತ್ತೊಮ್ಮೆ ಖಚಿತ ಮಾಡಿಸಿದ ಮೇಲೆಯೇ ಚಿಕಿತ್ಸೆ. ಬೆರಳಿನ ಒಂದು ಹನಿ ರಕ್ತ ನೋಡಿ ಯಾರಿಗೂ ಕಾಯಿಲೆಯ ಹೆಸರು ಹಚ್ಚಬಾರದು.

ಈ ಕಾಯುವ ಐದು ನಿಮಿಷವೇ ನಮ್ಮ ಪಾಠದ ಹೊತ್ತು. ಭಾಷಣ ಇಲ್ಲ. ಒಂದು ದಿನಕ್ಕೆ ಒಂದೇ ವಿಷಯ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ, "ಮನೆಗೆ ಹೋಗಿ ಇದನ್ನ ಹೇಗೆ ಹೇಳ್ತೀರಿ? ನನಗೆ ಹೇಳಿ ನೋಡೋಣ." ಅರ್ಥ ಆಯ್ತಾ ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅವರ ಬಾಯಿಂದಲೇ ಹೇಳಿಸಿದಾಗ ಎಲ್ಲಿ ತಪ್ಪು ತಿಳಿದಿದ್ದಾರೆ ಅಂತ ಗೊತ್ತಾಗುತ್ತದೆ.

ಹಾಗೆ ಗೊತ್ತಾದದ್ದು ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ ವಿಷಯ. ಶುಗರ್ ಇದ್ದವರು ಸಕ್ಕರೆ ಬಿಡಬೇಕು ಅಂತ ಹೇಳಿದ್ದೆ. ಒಬ್ಬ ಅಜ್ಜಿ ಚೆನ್ನಾಗಿ ಒಪ್ಪಿಸಿದರು: "ಸಕ್ಕರೆ ಬಿಡುದು. ಅದೆಂತ ಕಷ್ಟ ಸಿಸ್ಟರ್, ನಮ್ಮನೇಲಿ ಎಲ್ಲದಕ್ಕೂ ಬೆಲ್ಲ ಅಲ್ವಾ?" ಬೆಂಚಿನಲ್ಲಿ ಕೂತಿದ್ದ ಎಲ್ಲರೂ ತಲೆ ಆಡಿಸಿದರು. ಬೆಲ್ಲದಲ್ಲಿ ಸ್ವಲ್ಪ ಖನಿಜ ಇರಬಹುದು, ಆದರೆ ಅದರಲ್ಲಿ ಬಹುಪಾಲು ಇರುವುದು ಅದೇ ಸಕ್ಕರೆ ಅಂಶ. ರಕ್ತದಲ್ಲಿ ಶುಗರ್ ಏರಿಸುವುದರಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಆವತ್ತಿನಿಂದ ಸಕ್ಕರೆ ಅನ್ನುವ ಕಡೆಯಲ್ಲೆಲ್ಲ "ಸಕ್ಕರೆ, ಬೆಲ್ಲ, ಜೋನಿ ಬೆಲ್ಲ, ಜೇನುತುಪ್ಪ" ಅಂತ ನಾಲ್ಕನ್ನೂ ಸೇರಿಸಿಯೇ ಹೇಳುತ್ತೇವೆ.

ಉಪ್ಪಿನದ್ದು ಇನ್ನೂ ದೊಡ್ಡ ವಿಷಯ. ನಮ್ಮ ಕಡೆ ಉಪ್ಪಿನಕಾಯಿ ಇಲ್ಲದೆ ಊಟ ಇಲ್ಲ. ಬೇಸಿಗೆಯಲ್ಲಿ ಮಿಡಿಗೆ ಉಪ್ಪು ಹಾಕುತ್ತೇವೆ, ಹಪ್ಪಳ, ಸಂಡಿಗೆ, ಬಾಳಕ ಮಾಡಿಟ್ಟು ಮಳೆಗಾಲ ಪೂರ್ತಿ ತಿನ್ನುತ್ತೇವೆ. ಮೀನು ತಿನ್ನುವ ಮನೆಗಳಲ್ಲಿ ಒಣಮೀನು. ಒಬ್ಬ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಎಲ್ಲ ಸೇರಿ ಒಂದು ಟೀ ಚಮಚ. ಆದರೆ ಗ್ರಾಂ ಲೆಕ್ಕ ಇಟ್ಟು ಅಡುಗೆ ಮಾಡುವವರು ಯಾರಿದ್ದಾರೆ?

ಇದಕ್ಕೆ ದಾರಿ ಹುಡುಕಿದ್ದು ಸ್ತ್ರೀಶಕ್ತಿ ಸಂಘದ ಹೆಂಗಸರು. ಸಾಲದ ಕಂತು, ಬಡ್ಡಿ ಎಲ್ಲ ನಾಲಿಗೆ ತುದಿಯಲ್ಲೇ ಲೆಕ್ಕ ಹಾಕುವವರು ಅವರು. ಮನೆಯಲ್ಲಿ ಐದು ಜನ ದೊಡ್ಡವರಿದ್ದರೆ ದಿನಕ್ಕೆ 25 ಗ್ರಾಂ. ಹಾಗಾದರೆ ಒಂದು ಕಿಲೋ ಪ್ಯಾಕೆಟ್ ಕನಿಷ್ಠ 40 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯೋಣ, ಖಾಲಿಯಾದ ದಿನ ಮೀಟಿಂಗಿನಲ್ಲಿ ಹೇಳೋಣ ಅಂತ ಅವರೇ ತೀರ್ಮಾನ ಮಾಡಿದರು. ಕೊಟ್ಟಿಗೆಯ ಅಕ್ಕಚ್ಚಿಗೆ ಹಾಕುವ ಉಪ್ಪು ಬೇರೆ ಡಬ್ಬಿ. ಉಪ್ಪಿನಕಾಯಿಗೆ ತಂದ ಕಲ್ಲುಪ್ಪು ಬೇರೆ ಲೆಕ್ಕ, ಆದರೆ ಅದನ್ನೂ ಬರೆಯಬೇಕು. ಎಷ್ಟೋ ಮನೆಗಳಲ್ಲಿ ತಿಂಗಳಿಗೆ ಎರಡು ಪ್ಯಾಕೆಟ್ ಹೋಗುತ್ತಿತ್ತು. ತಮ್ಮ ಅಡುಗೆಮನೆಯ ಲೆಕ್ಕ ತಾವೇ ನೋಡಿದ ಮೇಲೆ ಯಾರಿಗೂ ನಾನು ಬುದ್ಧಿ ಹೇಳಬೇಕಾಗಲಿಲ್ಲ.

ಒಮ್ಮೆಲೇ ಕಡಿಮೆ ಮಾಡಿದರೆ ಮನೆಯವರು ತಟ್ಟೆ ದೂಡುತ್ತಾರೆ. ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ತಂಬುಳಿ, ಗೊಜ್ಜಿಗೆ ವಾಟೆಹುಳಿ, ನಿಂಬೆ, ಕಾಳುಮೆಣಸು ಸ್ವಲ್ಪ ಮುಂದೆ ಮಾಡಿದರೆ ಉಪ್ಪು ಕಡಿಮೆ ಅನ್ನಿಸುವುದಿಲ್ಲ. ಮಜ್ಜಿಗೆಗೆ, ಗಂಜಿಗೆ ಮೇಲಿಂದ ಉಪ್ಪು ಬೇಡ. ಈ ಸಲಹೆಗಳಲ್ಲಿ ಹೆಚ್ಚಿನವು ಸಂಘದವರದ್ದೇ.

ಬಾಯಿ ಪರೀಕ್ಷೆಗೆ ನಾವು ಆರಿಸಿದ್ದು ಅಡಿಕೆ ಸುಲಿಯುವ ಮನೆಗಳನ್ನು. ಸುಗ್ಗಿಯಲ್ಲಿ ರಾತ್ರಿ ಹತ್ತಾರು ಜನ ಮೆಟ್ಟುಗತ್ತಿ ಹಾಕಿಕೊಂಡು ಒಟ್ಟಿಗೆ ಕೂತಿರುತ್ತಾರೆ, ಬಾಯಲ್ಲಿ ಕವಳ ಇದ್ದೇ ಇರುತ್ತದೆ. ಇದು ಸೂಕ್ಷ್ಮದ ವಿಷಯ. ಅನ್ನ ಕೊಡುವ ಬೆಳೆಯ ಬಗ್ಗೆ ಯಾರಾದರೂ ಕೆಟ್ಟದ್ದು ಹೇಳಿದರೆ ನಮಗೂ ನೋವಾಗುತ್ತದೆ, ಅಲ್ವಾ? ಆದರೂ ಇದ್ದದ್ದನ್ನು ಹೇಳಲೇಬೇಕು. ತಂಬಾಕು ಸೇರಿಸಿದ ಕವಳ ಮಾತ್ರವಲ್ಲ, ಅಡಿಕೆ ಜಗಿಯುವುದೂ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ನಾನು ಬೆಳೆಯ ಮಾತು ಎತ್ತುವುದಿಲ್ಲ, ಬಾಯಿಯ ಮಾತು ಮಾತ್ರ ಆಡುತ್ತೇನೆ. ಕನ್ನಡಿ, ಟಾರ್ಚ್ ಕೊಟ್ಟು ಅವರವರ ಬಾಯಿ ಅವರೇ ನೋಡಿಕೊಳ್ಳುವುದನ್ನು ಕಲಿಸಿದೆವು. ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಎರಡು ವಾರವಾದರೂ ಮಾಯದ ಹುಣ್ಣು ಇದೆಯಾ, ಖಾರ ತಿಂದರೆ ಉರಿಯುತ್ತದಾ, ತಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟರೆ ಬಾಯೊಳಗೆ ಹೋಗುತ್ತದಾ. ಬೆರಳು ಹೋಗದಿದ್ದಾಗ ಜನ ತಾವೇ ಗಾಬರಿಯಾಗಿ ಬಂದು ತೋರಿಸಿದರು. ತಾಲೂಕು ಆಸ್ಪತ್ರೆಯ ದಂತ ವೈದ್ಯರಿಗೆ, ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆವು. ಯಾರೂ ತಡ ಮಾಡಬಾರದು ಅನ್ನುವುದು ಇಲ್ಲಿ ನನ್ನ ಹಠ.

ಇಷ್ಟೆಲ್ಲ ಸಾಧ್ಯವಾದದ್ದು ಆಶಾ ಅಕ್ಕಂದಿರಿಂದ. ಜನ ಅವರನ್ನು ನಂಬುವುದಕ್ಕೆ ಮಂಗನ ಕಾಯಿಲೆಯ ಕೆಲಸವೇ ಕಾರಣ. ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುವ ಈ ಜ್ವರವನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಎಣ್ಣೆ ಹಂಚಿ, ಜ್ವರ ಬಂದ ಮನೆಗೆ ಮೊದಲು ಓಡಿ ಅವರು ಗಳಿಸಿದ ನಂಬಿಕೆ ಅದು. ಬಿಪಿ ಮಾತು ಅವರ ಬಾಯಿಂದ ಬಂದಾಗ ಜನ ಕೇಳುತ್ತಾರೆ.

ಮಾತ್ರೆಯ ವಿಷಯದಲ್ಲಿ ಎರಡು ಗಂಟುಗಳಿದ್ದವು. "ಶುರು ಮಾಡಿದ್ರೆ ಬಿಡೋ ಹಾಗಿಲ್ಲ" ಅಂತ ಕೆಲವರು ಶುರುವೇ ಮಾಡುತ್ತಿರಲಿಲ್ಲ. ಇನ್ನು ಕೆಲವರು ಬಿಪಿ ಇಳಿದ ಕೂಡಲೇ ಬಿಟ್ಟುಬಿಡುತ್ತಿದ್ದರು. ಇದನ್ನು ಬಿಡಿಸಿದ್ದು ಡೈರಿ ಸೆಕ್ರೆಟರಿ. "ಅಲ್ಲ ಮಾರಾಯ್ರೆ, ಕೊಳೆ ಬಂದಿಲ್ಲ ಅಂತ ಬೋರ್ಡೋ ಹೊಡೆಯುದು ಬಿಡ್ತೀರಾ? ಹೊಡೆದಿದ್ದಕ್ಕೇ ಅಲ್ವಾ ಕೊಳೆ ಬರದೇ ಇದ್ದಿದ್ದು?" ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆಗೆ ಬರುವ ರೋಗ, ಬೋರ್ಡೋ ಅದು ಬರದಂತೆ ಹೊಡೆಯುವ ಔಷಧಿ. ಮುಂಗಾರಿಗೆ ಮೊದಲು ಒಮ್ಮೆ, ಮಳೆ ನಡುವೆ ಮತ್ತೊಮ್ಮೆ ಔಷಧಿ ಹೊಡೆಯುವ ಜನಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಮಳೆಗಾಲದಲ್ಲಿ ಮಾತ್ರೆ ತಪ್ಪುವುದು ಜಾಸ್ತಿ. ಸಂಕ ಮುಳುಗುತ್ತದೆ, ಮರ ಬಿದ್ದು ದಾರಿ ಕಟ್ಟುತ್ತದೆ. ಅದಕ್ಕೆ ಮೇ ತಿಂಗಳಲ್ಲೇ ಯಾವ ಮನೆಗೆ ದಾರಿ ಕಡಿದುಹೋಗುತ್ತದೆ ಅಂತ ಪಟ್ಟಿ ಮಾಡಿ, ಡಾಕ್ಟರ ಒಪ್ಪಿಗೆ ಪಡೆದು ಅಂಥವರಿಗೆ ಹೆಚ್ಚಿನ ದಿನಗಳ ಮಾತ್ರೆ ಮೊದಲೇ ಕೊಡುತ್ತೇವೆ. ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟು ಹೋದಾಗ ಅದನ್ನು ಎಲ್ಲಿಡಬೇಕು ಅನ್ನುವುದನ್ನೂ ಹೇಳಿಕೊಡುತ್ತೇವೆ. ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಸಾಕಾಗುತ್ತದೆ.

ನಮ್ಮ ಕೈಗೆ ಇನ್ನೂ ಸಿಗದವರು 30ರಿಂದ 45ರ ಒಳಗಿನ ಗಂಡಸರು. ಅರ್ಧ ಜನ ಬೆಂಗಳೂರಿನಲ್ಲಿ, ಉಳಿದವರು ಡೈರಿಗೆ ಹೆಂಡತಿಯನ್ನೋ ಅಪ್ಪನನ್ನೋ ಕಳಿಸುತ್ತಾರೆ. ಭೂಮಿ ಹುಣ್ಣಿಮೆಗೆ, ದೀಪಾವಳಿಗೆ ಮಾತ್ರ ಎಲ್ಲರೂ ಊರಿನಲ್ಲಿ ಇರುತ್ತಾರೆ. ಈ ವರ್ಷ ದೀಪಾವಳಿಯ ಮಾರನೇ ದಿನ ವಾಲಿಬಾಲ್ ಪಂದ್ಯ ಇಟ್ಟಿರುವ ಯುವಕ ಸಂಘದವರ ಹತ್ತಿರ ಮಾತಾಡಿದ್ದೇವೆ. ತಂಡದ ಹೆಸರು ಬರೆಸುವ ಮೇಜಿನ ಪಕ್ಕದಲ್ಲೇ ನಮ್ಮ ಮೇಜು. ಆಟ ಆಡಿದ ಮೇಲೆ ಬಿಪಿ ನೋಡುವ ಹಾಗಿಲ್ಲ, ಆದ್ದರಿಂದ ಹೆಸರು ಬರೆಸುವಾಗಲೇ ಐದು ನಿಮಿಷ ಕೂರಿಸಬೇಕು ಅಂತ ಅವರಿಗೆ ಹೇಳಿಟ್ಟಿದ್ದೇನೆ.